ತೊಂಬತ್ತೊಂದು ಬಗೆಯ ಹಕ್ಕಿಗಳ ಕೆರೆ

ಹಕ್ಕಿ ತೋರಿಸುವ ಕೆಲಸಕ್ಕೆ ಸೇರಬೇಕೆಂದಿರುವ ಇಬ್ಬರು ಹುಡುಗಿಯರು ಹೋದ ತಿಂಗಳು ನಮ್ಮ ಮನೆಗೆ ಬಂದಿದ್ದರು. ಯಾವ ದುರ್ಬೀನು ಒಳ್ಳೆಯದು, ಚಳಿಗಾಲದಲ್ಲಿ ಎಷ್ಟು ಗಂಟೆಗೆ ಹೊರಡಬೇಕು, ಮಕ್ಕಳು ಗಲಾಟೆ ಮಾಡಿದರೆ ಏನು ಮಾಡಬೇಕು ಎಂದೆಲ್ಲ ಕೇಳಿದರು. ಗೊತ್ತಿದ್ದಷ್ಟು ಹೇಳಿದೆ. ಕಾಫಿ ಕುಡಿದು ಖುಷಿಯಾಗಿ ಹೋದರು. ಅವರು ರಾಜಧಾನಿಯ ಕಿದ್ವಾಯಿ ನಗರದ ನಮ್ಮ ಬೀದಿಯ ತಿರುವು ದಾಟುವಾಗ, ಹೇಳಲೇಬೇಕಾದದ್ದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದೆ ಅನ್ನಿಸಿತು. ಅದನ್ನು ಈಗ ಬರೆಯುತ್ತಿದ್ದೇನೆ.

ಮೂವತ್ತು ತುಂಬುವ ಮೊದಲೇ ಕೆಲಸ ಬಿಟ್ಟವಳು ನಿವೃತ್ತಿಯ ಮಾತಾಡಿದರೆ ಅಪ್ಪನಿಗೆ ನಗು. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಮೂವತ್ತು ವರ್ಷದಿಂದ ಫೈಲು ನೋಡುತ್ತಿರುವ ಅವರ ಲೆಕ್ಕದಲ್ಲಿ ನನ್ನದು ಸೇವೆಯೇ ಅಲ್ಲ, ರಜೆ. ಆದರೆ ೨೦೦೩ರ ಜುಲೈನಿಂದ ೨೦೦೮ರ ಫೆಬ್ರವರಿವರೆಗೆ ನಾನು ನಡೆಸಿಕೊಟ್ಟ ಪಕ್ಷಿ ನಡಿಗೆಗಳು ಇನ್ನೂರ ಹನ್ನೆರಡು. ಪ್ರತಿಯೊಂದಕ್ಕೂ ಒಂದು ಪುಟದಂತೆ ಐದು ನೋಟ್‌ಬುಕ್ಕುಗಳಿವೆ. ದಿನ, ಹೊತ್ತು, ಮಂಜು ಎಷ್ಟಿತ್ತು, ಜನ ಎಷ್ಟು, ಹಕ್ಕಿ ಎಷ್ಟು ಬಗೆ, ಎಲ್ಲವೂ ಕನ್ನಡದಲ್ಲಿ. ಈ ಅವಧಿಯಲ್ಲಿ ಒಂದು ಕೆರೆ ಹೋಯಿತು. ಅದನ್ನು ಉಳಿಸಲು ಹೋದವರಲ್ಲಿ ನಾನೂ ಇದ್ದೆ. ಅದನ್ನು ಮುಚ್ಚಲು ಆಧಾರವಾದ ಕಾಗದದ ಮೇಲೆ ನನ್ನ ಹೆಸರೂ ಇತ್ತು.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡವರು ಮಾಥುರ್ ಸಾಹೇಬರು. ಶಾಲೆಯಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತರಾದವರು. ಶಾಲೆ, ಕಾಲೊನಿಗಳಿಗೆ ಪಕ್ಷಿ ನಡಿಗೆ ಏರ್ಪಡಿಸುವ ಒಂದು ಸಣ್ಣ ಸಂಸ್ಥೆ ಕಟ್ಟಿಕೊಂಡಿದ್ದರು. ಮೊದಲ ದಿನ ಅವರು ಕಲಿಸಿದ್ದು ಹಕ್ಕಿ ಗುರುತಿಸುವುದನ್ನಲ್ಲ, ಪೆನ್ಸಿಲು ಕೆತ್ತುವುದನ್ನು. ಪೆನ್ನಾದರೆ ಇಬ್ಬನಿಗೆ ಅಳಿಸಿಹೋಗುತ್ತದೆ. "ನಿಂತಲ್ಲೇ ಬರಿ. ಮನೆಗೆ ಹೋಗಿ ಬರೆದರೆ ಹಕ್ಕಿಗಳು ಮರಿ ಹಾಕಿಬಿಡ್ತವೆ" ಎಂದಿದ್ದರು. ಈ ಮಾತನ್ನು ಮಾತ್ರ ನೀವು ಎಂದೂ ಮರೆಯಬೇಡಿ.

ಗುಡಗಾಂವಿನ ಒಂದು ಹೊಸ ಕಾಲೊನಿಯಲ್ಲಿ ಪ್ರತಿ ಫೆಬ್ರವರಿಯ ಎರಡನೆಯ ಭಾನುವಾರ ವಸಂತ ಮೇಳ ಮಾಡುತ್ತಿದ್ದರು. ಸುತ್ತಲಿನ ಅಪಾರ್ಟ್‌ಮೆಂಟುಗಳವರೆಲ್ಲ ಸೇರುತ್ತಿದ್ದರು. ಬೆಳಿಗ್ಗೆ ನಮ್ಮ ಪಕ್ಷಿ ನಡಿಗೆ, ಆಮೇಲೆ ಮಕ್ಕಳಿಗೆ ಹಕ್ಕಿಯ ಮುಖವಾಡ ಮಾಡುವುದು, ಹಕ್ಕಿ ಕ್ವಿಜ್, ಗೂಡು ಕಟ್ಟುವ ಸ್ಪರ್ಧೆ. ಮೇಳದ ಕಾರ್ಯದರ್ಶಿ ಗಾಯತ್ರಿ ಆಂಟಿ ಮೈಸೂರಿನ ಕಡೆಯವರು. ಗಂಡನ ಕೆಲಸದಿಂದಾಗಿ ಮೊದಲು ಪೀತಮ್‌ಪುರದಲ್ಲಿದ್ದು ಆಮೇಲೆ ಗುಡಗಾಂವಿಗೆ ಬಂದವರು. ನಾನು ಕನ್ನಡದವಳೆಂದು ಗೊತ್ತಾದ ದಿನದಿಂದ ನನಗೆ ಪ್ರತ್ಯೇಕವಾಗಿ ಉಪ್ಪಿಟ್ಟು ಕಟ್ಟಿ ತರುತ್ತಿದ್ದರು.

ಕಾಲೊನಿಯ ಹಿಂಬದಿಯ ಗೋಡೆ ದಾಟಿದರೆ ಕೆರೆ. ಹರಿಯಾಣದ ಹಳ್ಳಿಯವರು ಅದನ್ನು ಜೋಹಡ್ ಅನ್ನುತ್ತಾರೆ, ಊರಿಗೆಲ್ಲ ಸೇರಿದ್ದು. ಅದರ ದಡದಲ್ಲಿ ಧರಮ್‌ವೀರ್ ಎಂಬ ಮುದುಕರ ಹತ್ತೊಂಬತ್ತು ಎಮ್ಮೆಗಳು ಬಿದ್ದುಕೊಂಡಿರುತ್ತಿದ್ದವು. ಅಪ್ಪನ ಅಣ್ಣನನ್ನು ಕರೆಯುವ ಹಾಗೆ, ಅಲ್ಲಿ ಹಿರಿಯರನ್ನೆಲ್ಲ ಕರೆಯುವ ಹಾಗೆ, ನಾನು ಅವರನ್ನು ತಾವೂಜಿ ಎಂದು ಕರೆಯುತ್ತಿದ್ದೆ. ಅವರಿಗೆ ಓದು ಬರಹ ಇರಲಿಲ್ಲ.

ಮೊದಲ ಮೇಳ ೨೦೦೪ರದು. ಬೆಳಗಿನ ಜಾವ ಅಪ್ಪ ಸ್ಕೂಟರಿನಲ್ಲಿ ಧೌಲಾ ಕುಆಂವರೆಗೆ ಬಿಟ್ಟರು. ಅಲ್ಲಿಂದ ಬಸ್ಸು. ಆರೂ ಮುಕ್ಕಾಲಿಗೆ ಶುರುವಾಗಬೇಕಿದ್ದ ನಡಿಗೆ ಮುಖ್ಯ ಅತಿಥಿಗಳಿಗಾಗಿ ಕಾದು ಏಳೂವರೆಗೆ ಹೊರಟಿತು. ಇಪ್ಪತ್ತೈದು ಜನ. ಅರ್ಧ ಜನರಿಗೆ ಮಂಕಿ ಕ್ಯಾಪ್, ಹಾಗಾಗಿ ನಾನು ಹೇಳಿದ್ದು ಯಾರಿಗೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಮಂಜಿನಲ್ಲಿ ಆಚೆ ದಡದಲ್ಲಿ ಬೆಳ್ಳಗೆ ಏನೋ ನಿಂತಿತ್ತು. "ದೊಡ್ಡ ಬೆಳ್ಳಕ್ಕಿ! ಎಷ್ಟು ಅಲುಗಾಡದೆ ನಿಂತಿದೆ ನೋಡಿ, ಮೀನಿಗಾಗಿ ತಪಸ್ಸು" ಎಂದೆ. ಎಲ್ಲರೂ ಸರದಿಯಲ್ಲಿ ದುರ್ಬೀನಿನಿಂದ ನೋಡಿ ಮೆಚ್ಚಿದರು. ಗಾಳಿ ಬೀಸಿತು. ತಪಸ್ವಿ ಮೇಲೆದ್ದು ಜಾಲಿ ಮರಕ್ಕೆ ಸಿಕ್ಕಿಕೊಂಡಿತು. ಪಾಲಿಥೀನ್ ಚೀಲ.

ದಡದಲ್ಲಿ ಹುಕ್ಕಾ ಸೇದುತ್ತಿದ್ದ ತಾವೂಜಿ ಕೆಮ್ಮುವಷ್ಟು ನಕ್ಕರು. "ಬೇಟಿ, ಇಂಥ ಹಕ್ಕಿ ನಮ್ಮೂರಲ್ಲಿ ಬೇಕಾದಷ್ಟಿದೆ. ಎಣಿಸೋಕೆ ಹೋದರೆ ನಿನ್ನ ಪುಸ್ತಕ ಸಾಲದು."

ನಾನು ಎಲ್ಲರೆದುರೇ ಐವತ್ತೊಂಬತ್ತು ಎಂದು ಬರೆದದ್ದನ್ನು ಹೊಡೆದು ಐವತ್ತೆಂಟು ಮಾಡಿದೆ. ಆ ಪುಟ ಈಗಲೂ ಇದೆ. ಸೂಜಿಬಾಲದ ಬಾತು, ಪಟ್ಟೆತಲೆ ಹೆಬ್ಬಾತು, ನೇರಳೆ ಜಂಬುಕೋಳಿ, ಎರಡು ಸಾರಸ್ ಕೊಕ್ಕರೆ. ನನ್ನ ಎದೆಮಟ್ಟಕ್ಕೂ ಮೀರಿ ಎತ್ತರವಿದ್ದ ಆ ಜೋಡಿ ಗೋಧಿ ಹೊಲದ ಅಂಚಿನಲ್ಲಿ ಮನೆಯವರ ಹಾಗೆ ಓಡಾಡುತ್ತಿತ್ತು. ಹೊರಡುವಾಗ ತಾವೂಜಿ, "ಆಜ್ ಕಿತ್ನೇ?" ಎಂದರು. ಇವತ್ತು ಎಷ್ಟು. ಐವತ್ತೆಂಟು ಎಂದೆ. "ಚೀಲ ಬಿಟ್ಟು?" "ಚೀಲ ಬಿಟ್ಟು, ತಾವೂಜಿ." ಅಂದಿನಿಂದ ಕೆರೆಗೆ ಹೋದಾಗಲೆಲ್ಲ ಅವರು ಕೇಳುವುದು, ನಾನು ಹೇಳುವುದು ರೂಢಿಯಾಯಿತು.

ಎರಡನೆಯ ಮೇಳಕ್ಕೆ ಎಪ್ಪತ್ತು ಜನ ಬಂದರು. ಒಬ್ಬ ಗೈಡಿಗೆ ಹದಿನೈದಕ್ಕಿಂತ ಹೆಚ್ಚು ಜನ ಬೇಡವೆಂದು ಬರೆದು ಕೊಟ್ಟಿದ್ದೆ. ಆ ವರ್ಷ ಎಲ್ಲರ ಕೈಗೂ ಡಿಜಿಟಲ್ ಕ್ಯಾಮೆರಾ ಬಂದಿತ್ತು. ಅದಕ್ಕೆ ಮೊದಲು ಜನ ಹಕ್ಕಿಯನ್ನು ನೋಡಿ ನನ್ನ ಮುಖ ನೋಡುತ್ತಿದ್ದರು. ಆ ವರ್ಷದಿಂದ ಹಕ್ಕಿಯ ಕಡೆ ಕ್ಯಾಮೆರಾ ಹಿಡಿದು ಕ್ಯಾಮೆರಾದ ಬೆನ್ನು ನೋಡತೊಡಗಿದರು. ಗೋಡೆಯಾಚೆ ಧ್ವನಿವರ್ಧಕದಲ್ಲಿ "ಮೈಕ್ ಟೆಸ್ಟಿಂಗ್, ಹಲೋ ಹಲೋ" ನಡೆದಿತ್ತು. ಸಾರಸ್ ಜೋಡಿಯನ್ನು ಹತ್ತಿರದಿಂದ ತೆಗೆಯಬೇಕೆಂದು ಹತ್ತು ಹನ್ನೆರಡು ಜನ ಗೋಧಿಯೊಳಗೆ ನುಗ್ಗಿದರು. ನಾನು ಕೂಗಿದೆ, ಅದರಿಂದ ಗದ್ದಲ ಇನ್ನಷ್ಟು ಹೆಚ್ಚಾಯಿತು. ಜೋಡಿ ನಾಲ್ಕು ಹೆಜ್ಜೆ ಓಡಿ ಮೇಲೆದ್ದಿತು.

"ನೀವು ನೋಡೋಕೆ ಬಂದಿರಿ. ಅವೂ ನಿಮ್ಮನ್ನ ನೋಡಿಕೊಂಡವು, ಹೋದವು" ಎಂದರು ತಾವೂಜಿ. ಅವು ಮತ್ತೆ ಬಂದದ್ದು ನನ್ನ ನೋಟ್‌ಬುಕ್ಕಿನಲ್ಲಿಲ್ಲ.

ಆ ದಿನ ಕಂಡದ್ದು ನಲವತ್ತೊಂಬತ್ತು ಬಗೆ. ಮೇಳದ ಬಾಗಿಲಲ್ಲಿ ಸಂಖ್ಯೆ ಬರೆಯಲೆಂದು ಒಂದು ಕಪ್ಪು ಹಲಗೆ ಇಟ್ಟಿದ್ದರು. ಸೀಮೆಸುಣ್ಣ ಹಿಡಿದು ನಿಂತಿದ್ದ ಗಾಯತ್ರಿ ಆಂಟಿ ನನ್ನ ಪುಟ ನೋಡಿ ಮುಖ ಸಣ್ಣದು ಮಾಡಿದರು.

"ಏನಮ್ಮಾ ವಸುಧಾ, ಹೋದ ವರ್ಷ ಐವತ್ತೆಂಟು, ಈ ವರ್ಷ ನಲವತ್ತೊಂಬತ್ತಾ? ಕಮಿಟಿಯವರು ನನ್ನ ಜೀವ ತಿಂತಾರೆ. ಮೊದಲೇ ಹಕ್ಕಿ ಬದಲು ಡಾಗ್ ಶೋ ಇಡೋಣ ಅಂತಿದಾರೆ."

"ಕಂಡಿದ್ದೇ ಅಷ್ಟು ಆಂಟಿ."

"ಸುಳ್ಳು ಬರಿ ಅಂತ ನಾನು ಹೇಳ್ತಿಲ್ಲ ಪುಟ್ಟಿ. ಏನಾದ್ರೂ ದಾರಿ ಇದೆಯಾ ನೋಡು."

ದಾರಿ ತೋರಿಸಿದವರು ಮಾಥುರ್ ಸಾಹೇಬರು. "ವಸುಧಾ, ವರ್ಷವಿಡೀ ನೀನು ಇಲ್ಲಿಗೆ ಬಂದಿದ್ದೀಯಲ್ಲ, ಇದುವರೆಗೆ ಇಲ್ಲಿ ಕಂಡ ಒಟ್ಟು ಬಗೆ ಎಷ್ಟು?" ಕೂಡಿಸಿದೆ. ಅರವತ್ತೇಳು. "ಅದನ್ನೇ ಬರಿ. 'ಇದುವರೆಗೆ ಒಟ್ಟು' ಅಂತ ಸೇರಿಸು. ಒಂದಕ್ಷರವೂ ಸುಳ್ಳಲ್ಲ."

ನಿಜ, ಒಂದಕ್ಷರವೂ ಸುಳ್ಳಾಗಿರಲಿಲ್ಲ. ಈ ಕೆಲಸಕ್ಕೆ ಬರುವವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಒಂದೇ ಜಾಗದಲ್ಲಿ ವರ್ಷ ವರ್ಷ ಕಂಡ ಹಕ್ಕಿಗಳನ್ನೆಲ್ಲ ಕೂಡಿಸುತ್ತ ಹೋಗುವ ಪಟ್ಟಿ ಎಂದೂ ಇಳಿಯುವುದಿಲ್ಲ. ಒಮ್ಮೆ ತಲೆಯ ಮೇಲೆ ಹಾರಿಹೋದ ಹಕ್ಕಿಯೂ ಅದರಲ್ಲಿ ಕಾಯಂ ಆಗಿ ಉಳಿಯುತ್ತದೆ. ಸತ್ತವರ ಹೆಸರು ತೆಗೆಯದ ಮತದಾರರ ಪಟ್ಟಿಯ ಹಾಗೆ. ಕೆರೆ ಬತ್ತಿದರೂ ಪಟ್ಟಿ ತುಂಬಿಕೊಂಡೇ ಇರುತ್ತದೆ.

ಕೆರೆ ಬತ್ತುತ್ತಲೇ ಇತ್ತು. ಹೊಸ ರಸ್ತೆಗೆ ಮಣ್ಣು ಏರಿಸಿದ್ದರಿಂದ ಮಳೆನೀರು ಬರುವ ಕಾಲುವೆ ಕಟ್ಟಿಹೋಯಿತು. ಕಟ್ಟಡ ಒಡೆದ ಕಲ್ಲುಮಣ್ಣನ್ನು ಲಾರಿಗಳು ದಡಕ್ಕೆ ತಂದು ಸುರಿಯುತ್ತಿದ್ದವು. ೨೦೦೬ರ ಮೇಳದ ದಿನ ಕಂಡದ್ದು ಮೂವತ್ತಾರು ಬಗೆ. ಹಲಗೆಯ ಮೇಲೆ ಎಪ್ಪತ್ತೊಂಬತ್ತು.

ಪ್ರತಿ ಮೇಳ ಮುಗಿದ ಮೇಲೆ ಸಂಖ್ಯೆಯನ್ನಷ್ಟೇ ಹಾಕಿ ಒಂದು ಕರಪತ್ರ ಹಂಚುತ್ತಿದ್ದರು; ಆ ವರ್ಷದ ಬಣ್ಣದ ಕರಪತ್ರದ ಬಗ್ಗೆ ಹೇಳಬೇಕು. ಅದರ ಮುಖಪುಟಕ್ಕೆ ಸಾರಸ್ ಜೋಡಿಯ ದೊಡ್ಡ ಚಿತ್ರ ಹಾಕಿದ್ದರು. ಚಿತ್ರಕ್ಕೆ ಜಾಗ ಸಾಲದೆ ವಿನ್ಯಾಸ ಮಾಡಿದವರು "ಇದುವರೆಗೆ ಒಟ್ಟು" ಎಂಬುದನ್ನು ತೆಗೆದಿದ್ದರು. "ಈ ವರ್ಷ ನಮ್ಮ ಕೆರೆಯಲ್ಲಿ ೭೯ ಬಗೆಯ ಹಕ್ಕಿಗಳು" ಎಂದಿತ್ತು. ಒಳಗೆ ಪಟ್ಟಿ, ಕೆಳಗೆ 'ಪಟ್ಟಿ ಸಿದ್ಧಪಡಿಸಿದವರು' ಎಂದು ನನ್ನ ಹೆಸರು. ಅಚ್ಚಿಗೆ ಹೋಗುವ ಮೊದಲು ಕರಡು ನನ್ನ ಕೈಗೆ ಬಂತು. ನಾನು ಅದನ್ನು ನೋಡಿದೆ. ಏನು ಬಿಟ್ಟುಹೋಗಿದೆ ಎಂಬುದು ಕಣ್ಣಿಗೆ ಬಿತ್ತು. ಗಾಯತ್ರಿ ಆಂಟಿ ಫೋನು ಮಾಡಿ, "ಚೆನ್ನಾಗಿದೆ ಅಲ್ವಾ? ನಿನ್ನ ಹೆಸರೂ ಹಾಕ್ಸಿದೀನಿ. ಪ್ರಿಂಟಿಗೆ ಕೊಡ್ಲಾ?" ಎಂದರು. ನನ್ನ ಹೆಸರನ್ನು ಅಚ್ಚಿನಲ್ಲಿ ನೋಡಿದ್ದು ಅದೇ ಮೊದಲು. "ಕೊಡಿ ಆಂಟಿ" ಎಂದೆ. ಆ ದಿನದ ಡೈರಿಯಲ್ಲಿ ಎರಡೇ ಮಾತಿದೆ: ಕರಡು ನೋಡಿದೆ. ಸರಿಯಿದೆ.

ಮರುವರ್ಷವೂ ಅದೇ ಅಚ್ಚು, ಸಂಖ್ಯೆ ಮಾತ್ರ ಬದಲು. ತೊಂಬತ್ತೊಂದು. ಆ ಮೇಳದ ದಿನ ಮುಖವಾಡದ ಮಳಿಗೆಯಲ್ಲಿ ಸಾರಸ್ ಮುಖವಾಡಕ್ಕೇ ಬೇಡಿಕೆ. ಅದರ ತಲೆಗೆ ಬಳಿಯುವ ಕೆಂಪು ಬಣ್ಣ ಮಧ್ಯಾಹ್ನದ ಹೊತ್ತಿಗೆ ಮುಗಿದಿತ್ತು. ಗಾಯತ್ರಿ ಆಂಟಿಯ ಮಗಳು ಮುಖವಾಡ ಕಟ್ಟಿಕೊಂಡು ಬಂದು, "ಅಕ್ಕಾ, ಯೇ ವಾಲಾ ಬರ್ಡ್ ಕಹಾಂ ಹೈ? ವಾಕ್‌ನಲ್ಲಿ ನಂಗೆ ಕಾಣಿಸ್ಲೇ ಇಲ್ಲ" ಎಂದಳು.

"ಇವತ್ತು ಬಂದಿಲ್ಲ ಪುಟ್ಟಿ."

"ನಾಳೆ ಬರತ್ತಾ?"

"ಬಣ್ಣ ಒಣಗಲಿ, ಮುಟ್ಟಬೇಡ" ಎಂದೆ.

ಅಂದು ನಡಿಗೆಯಲ್ಲಿ ಕಂಡದ್ದು ಇಪ್ಪತ್ತೆರಡು. ಕಾಗೆ, ಪಾರಿವಾಳ, ಗೊರವಂಕ ಸೇರಿ. ತಾವೂಜಿ ಕೇಳಿದಾಗ ಇಪ್ಪತ್ತೆರಡೆಂದೇ ಹೇಳಿದೆ. ಅವರು ಹುಕ್ಕಾ ಪಕ್ಕಕ್ಕಿಟ್ಟು, "ಕಡಿಮೆ ಆಗ್ತಾ ಇದೆ, ಬೇಟಿ. ನನ್ನ ಎಮ್ಮೆಗಳಿಗೂ ಮೊಣಕಾಲಿನವರೆಗೆ ಮಾತ್ರ ನೀರು. ನೀನು ಬರೆದಿಟ್ಟುಕೊ. ಒಂದು ದಿನ ಬೇಕಾಗತ್ತೆ" ಎಂದರು.

ಬೇಕಾದ ದಿನ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಂತು. ಕೆರೆಯನ್ನು ಮುಚ್ಚಿ ರಸ್ತೆ ಮತ್ತು ಸಮುದಾಯ ಭವನ ಕಟ್ಟುವ ಯೋಜನೆ ಹೊರಬಿತ್ತು. ಆಕ್ಷೇಪಣೆ ಇದ್ದವರು ಬಂದು ಹೇಳಬಹುದು ಎಂದು ನೋಟಿಸು ಅಂಟಿಸಿದ್ದರು. ಊರಿನಿಂದ ತಾವೂಜಿಯೊಬ್ಬರೇ ಹೆಬ್ಬೆಟ್ಟು ಒತ್ತಿ ಅರ್ಜಿ ಕೊಟ್ಟರು. ಉಳಿದವರಿಗೆ ರಸ್ತೆ ಬಂದರೆ ಜಮೀನಿಗೆ ಬೆಲೆ ಬರುತ್ತದೆಂಬ ಆಸೆ. ತಾವೂಜಿ ನನಗೆ ಹೇಳಿ ಕಳುಹಿಸಿದ್ದು ಇಷ್ಟು: "ನಾನು ಎಮ್ಮೆಯ ಮಾತಾಡಿದರೆ ನಗ್ತಾರೆ. ನೀನು ಓದಿದವಳು, ಲೆಕ್ಕ ಇಟ್ಟವಳು. ನಿನ್ನ ಪುಸ್ತಕ ತಗೊಂಡು ಬಾ."

ವಿಚಾರಣೆಯ ಹಿಂದಿನ ಸಂಜೆ ಐದೂ ನೋಟ್‌ಬುಕ್ಕುಗಳಿಗೆ ಬ್ರೌನ್ ಪೇಪರ್ ಹಾಕಿದೆ. ಅಪ್ಪ ನೋಡುತ್ತಿದ್ದರು. "ಅಚ್ಚಾದ ಕಾಗದ ಏನಾದ್ರೂ ಇದೆಯೇನಮ್ಮ? ಕೈಬರಹ ಯಾರೂ ನೋಡಲ್ಲ. ನಮ್ಮ ಆಫೀಸಲ್ಲಿ ನಡೆದದ್ದು ಅಂತ ಏನೂ ಇಲ್ಲ, ಫೈಲಲ್ಲಿ ಇದ್ದದ್ದಷ್ಟೇ ಇರೋದು" ಎಂದರು. ಅಚ್ಚಾದ ಕಾಗದದ ನೆನಪು ನನಗೆ ಆಗಲೂ ಬರಲಿಲ್ಲ. ನನ್ನ ನಿಜವಾದ ಲೆಕ್ಕ ನೋಟ್‌ಬುಕ್ಕಿನಲ್ಲಿದೆ, ಹಲಗೆ ಮತ್ತು ಕರಪತ್ರಗಳದು ಮೇಳದ ಮಾತು ಎಂದು ಅಷ್ಟು ವರ್ಷ ನಂಬಿಕೊಂಡಿದ್ದೆ.

ವಿಚಾರಣೆಯ ದಿನ ಮಾಥುರ್ ಸಾಹೇಬರು, ತಾವೂಜಿ, ನಾನು. ತಾವೂಜಿ ಒಗೆದ ಬಿಳಿ ಪಗಡಿ ಸುತ್ತಿಕೊಂಡು, ಹುಕ್ಕಾ ಇಲ್ಲದ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಮಂಡಿಯ ಮೇಲಿಟ್ಟುಕೊಂಡು ಕೂತಿದ್ದರು. ಅಧಿಕಾರಿ ಸಭ್ಯರು. ನಮಗೆಲ್ಲ ಚಹಾ ತರಿಸಿದರು. ನಾನು ನಾಲ್ಕು ವರ್ಷಗಳ ಇಳಿಕೆಯನ್ನು ಹೇಳಿದೆ. ಐವತ್ತೆಂಟು, ನಲವತ್ತೊಂಬತ್ತು, ಮೂವತ್ತಾರು, ಇಪ್ಪತ್ತೆರಡು. ರಸ್ತೆಯ ಮಣ್ಣು ಬಿದ್ದ ಮೇಲೆ ಹೀಗಾಗಿದೆ, ಕಾಲುವೆ ಬಿಡಿಸಿದರೆ ಕೆರೆ ಉಳಿಯುತ್ತದೆ ಎಂದೆ. ಅವರು ಗಮನವಿಟ್ಟು ಕೇಳಿದರು. ನೋಟ್‌ಬುಕ್ಕು ಕೈಗೆ ತೆಗೆದುಕೊಂಡು ನಾಲ್ಕು ಪುಟ ತಿರುವಿದರು.

"ಯೇ ಕೌನ್ ಸೀ ಭಾಷಾ ಹೈ, ಮ್ಯಾಡಮ್?"

"ಕನ್ನಡ, ಸರ್."

"ಬರವಣಿಗೆ ಸುಂದರವಾಗಿದೆ" ಎಂದು ಮುಚ್ಚಿ ಹಿಂದಕ್ಕೆ ಕೊಟ್ಟರು. ಆಮೇಲೆ ಫೈಲಿನಿಂದ ಬಣ್ಣದ ಕಾಗದಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ನಮ್ಮ ಮೇಳದ ಕರಪತ್ರಗಳು. ಯೋಜನೆಯ ಕಡೆಯವರು ಕೊಟ್ಟಿದ್ದರು. ಅಧಿಕಾರಿ ಬೆರಳಿಟ್ಟು ಒಂದೊಂದಾಗಿ ಹಿಂದಿಯಲ್ಲಿ ಓದಿದರು. ಐವತ್ತೆಂಟು, ಅರವತ್ತೇಳು, ಎಪ್ಪತ್ತೊಂಬತ್ತು, ತೊಂಬತ್ತೊಂದು. "ಮಣ್ಣು ಬಿದ್ದ ಮೇಲೆ ಹಕ್ಕಿ ಹೆಚ್ಚಾಗಿವೆ. ಮುಖಪುಟದಲ್ಲಿ ಸಾರಸ್ ಕೂಡ ಇದೆ. ಕೆಳಗಿನ ಹೆಸರು ನಿಮ್ಮದೇ ತಾನೆ?"

"ನನ್ನದೇ. ಆದರೆ ಅದು ಇದುವರೆಗೆ ಕಂಡ ಒಟ್ಟು, ಸರ್. ಆ ವರ್ಷದ್ದಲ್ಲ."

"ಈ ವರ್ಷ ಅಂತ ಬರೆದಿದೆ."

ಮಾಥುರ್ ಸಾಹೇಬರು ಗಂಟಲು ಸರಿಮಾಡಿಕೊಂಡು ಪಟ್ಟಿ ಮಾಡುವ ವಿಧಾನಗಳ ಬಗ್ಗೆ ಮಾತು ಶುರು ಮಾಡಿದರು. ಎರಡು ನಿಮಿಷ ಮಾತಾಡಿ, ತಮ್ಮ ಮಾತು ತಮಗೇ ಕೇಳಿಸಿತೋ ಏನೋ, ನಿಲ್ಲಿಸಿದರು.

ಆಗ ತಾವೂಜಿ ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ. ಲೆಕ್ಕ ತಪ್ಪಿದವರ ಹಾಗೆ ಹಣೆ ಗಂಟಿಕ್ಕಿದ್ದರು.

"ತೊಂಬತ್ತೊಂದಾ? ಬೇಟಿ, ನನಗೆ ಇಪ್ಪತ್ತೆರಡು ಅಂದಿದ್ದೆಯಲ್ಲ."

"ನಿಮಗೆ ಹೇಳಿದ್ದೇ ನಿಜ, ತಾವೂಜಿ."

"ಹಾಗಾದರೆ ನಿಜವನ್ನ ನನಗೊಬ್ಬನಿಗೇ ಯಾಕೆ ಹೇಳಿದೆ? ನನಗೆ ಓದೋಕೆ ಬರಲ್ಲ."

ಅಧಿಕಾರಿ ಚಹಾದ ಲೋಟದ ಕಡೆ ನೋಡುತ್ತಿದ್ದರು. ಆ ದಿನದ ಡೈರಿಯ ಪುಟದಲ್ಲಿ ಉತ್ತರಕ್ಕೆಂದು ಬಿಟ್ಟ ಜಾಗ ಇನ್ನೂ ಖಾಲಿ ಇದೆ. ಮೆಟ್ಟಿಲಿಳಿಯುವಾಗ ಮಾಥುರ್ ಸಾಹೇಬರು, "ವಸುಧಾ, ನಾವು ಸುಳ್ಳು ಬರೆಯಲಿಲ್ಲ" ಎಂದರು. "ಇಲ್ಲ ಸರ್" ಎಂದೆ. ಅದಾದ ಮೇಲೆ ನಮ್ಮಿಬ್ಬರ ನಡುವೆ ಕೆಲಸದ ಮಾತು ಬಿಟ್ಟು ಬೇರೆ ಮಾತು ನಡೆಯಲಿಲ್ಲ.

ಆಕ್ಷೇಪಣೆ ತಳ್ಳಿಹಾಕಿದ ಆದೇಶದ ಪ್ರತಿ ನನ್ನ ಹತ್ತಿರ ಇದೆ. ಒಂದೇ ಪುಟ. ಅದರಲ್ಲಿ ನನ್ನ ಹೆಸರು ಎರಡು ಸಲ ಬರುತ್ತದೆ: ಆಕ್ಷೇಪಣೆಯ ಪರ ಸಾಕ್ಷಿ ಹೇಳಿದವಳೆಂದು ಒಮ್ಮೆ, ಪಟ್ಟಿ ಸಿದ್ಧಪಡಿಸಿದವಳೆಂದು ಇನ್ನೊಮ್ಮೆ. ದೀಪಾವಳಿ ಕಳೆದ ವಾರ ಲಾರಿಗಳು ಶುರುವಾದವು. ಡಿಸೆಂಬರಿನಲ್ಲಿ ನಾನು ಹೋದಾಗ ನೀರಿದ್ದ ಕಡೆ ರೋಲರ್ ಓಡಾಡುತ್ತಿತ್ತು. ಮೂರು ಸೂಜಿಬಾಲದ ಬಾತುಗಳು ಮೇಲೆ ಸುತ್ತು ಹಾಕಿ, ಇಳಿಯಲು ಜಾಗ ಕಾಣದೆ, ಮತ್ತೆ ಸುತ್ತು ಹಾಕಿ ಹೋದವು. ಅವು ಎಷ್ಟು ಸಾವಿರ ಮೈಲಿಯಿಂದ ಬರುತ್ತವೆಂದು ನಡಿಗೆಗಳಲ್ಲಿ ಇನ್ನೂರು ಸಲ ಹೇಳಿದ್ದೇನೆ. ಅಂದು ಸುತ್ತುಗಳನ್ನು ಮಾತ್ರ ಎಣಿಸಿದೆ. ಏಳು.

೨೦೦೮ರ ಮೇಳವೂ ನಡೆಯಿತು. ನಡಿಗೆಯನ್ನು ಕಾಲೊನಿಯ ಪಾರ್ಕಿಗೆ ಬದಲಾಯಿಸಿದ್ದರು. ಬಾಗಿಲಲ್ಲಿ ಹಲಗೆ ಇತ್ತು, ಹಲಗೆಯ ಮೇಲೆ ತೊಂಬತ್ತೊಂದೂ ಇತ್ತು. "ಅಳಿಸೋದಕ್ಕೆ ಮನಸ್ಸಾಗ್ಲಿಲ್ಲಮ್ಮ" ಎಂದರು ಗಾಯತ್ರಿ ಆಂಟಿ, ಉಪ್ಪಿಟ್ಟಿನ ಡಬ್ಬಿ ನನ್ನ ಕೈಗಿಡುತ್ತ. ಅವರ ಕಣ್ಣು ತುಂಬಿತ್ತು. ಅವರೂ ಕೆಟ್ಟವರಲ್ಲ. ಈ ಕಥೆಯಲ್ಲಿ ಕೆಟ್ಟವರೆಂದು ಬೆರಳಿಟ್ಟು ತೋರಿಸಲು ಯಾರಾದರೂ ಸಿಕ್ಕಿದ್ದರೆ ನನಗೆ ನಿದ್ದೆ ಬರುತ್ತಿತ್ತು. ಸೀಮೆಸುಣ್ಣ ಒರೆಸುವ ಬಟ್ಟೆ ತೆಗೆದುಕೊಂಡು ನಾನೇ ಅಳಿಸಿದೆ. ಪಾರ್ಕಿನಲ್ಲಿ ಹದಿನಾಲ್ಕು ಮಕ್ಕಳಿಗೆ ಹಕ್ಕಿ ತೋರಿಸಿದೆ. ಅದು ಇನ್ನೂರ ಹನ್ನೆರಡನೆಯ ನಡಿಗೆ. ಮುಗಿಸಿ ದುರ್ಬೀನನ್ನು ಮಾಥುರ್ ಸಾಹೇಬರ ಕೈಗೆ ಕೊಟ್ಟು ಗೋಡೆಯಾಚೆ ಹೋದೆ.

ತಾವೂಜಿ ಸಮತಟ್ಟಾದ ಮಣ್ಣಿನ ಅಂಚಿನಲ್ಲಿ ಹುಕ್ಕಾ ಇಟ್ಟುಕೊಂಡು ಕೂತಿದ್ದರು. ಎಮ್ಮೆಗಳಿರಲಿಲ್ಲ. ಮಗಳ ಊರಿಗೆ ಹೊಡೆಸಿ ಕಳಿಸಿದ್ದರಂತೆ. ನಾನು ಪಕ್ಕದಲ್ಲಿ ಕೂತೆ. ಇವತ್ತು ಎಷ್ಟು ಎಂದು ಇನ್ನು ಕೇಳುವುದಿಲ್ಲವೆಂದುಕೊಂಡು ನಾನು ಏಳುವಾಗ, ಅವರೇ ಹೇಳಿದರು:

"ಇವತ್ತು ನಾನೇ ಎಣಿಸಿದೆ. ಕಾಗೆ ಸೇರಿ ನಾಲ್ಕು. ಬರ್ಕೊ."

ನೋಟ್‌ಬುಕ್ಕು ತೆಗೆದೆ. ಪೆನ್ಸಿಲಿನಿಂದ ದಿನ, ಹೊತ್ತು ಬರೆದೆ. ಮಂಜು ಇಲ್ಲ. ಜನ ಇಬ್ಬರು. ಕಾಗೆ ಸೇರಿ ನಾಲ್ಕು ಬಗೆ. ಅದರ ಕೆಳಗೆ, ನಿಂತಲ್ಲೇ, ಇನ್ನೊಂದು ಸಾಲು ಸೇರಿಸಿದೆ: ಎಣಿಸಿದವರು, ಧರಮ್‌ವೀರ್. ಏನು ಬರೆದೆ ಎಂದು ಕೇಳಿದರು. ಓದಿ ಹೇಳಿದೆ. ಅವರು ಪುಸ್ತಕವನ್ನು ಕೈಗೆ ತೆಗೆದುಕೊಂಡು, ಓದಲು ಬಾರದ ಆ ಸಾಲಿನ ಮೇಲೆ ಬೆರಳು ಇಟ್ಟು, ಇದೇನಾ ಎಂದು ಎರಡು ಸಲ ಕೇಳಿ ಖಚಿತ ಮಾಡಿಕೊಂಡರು.